ಹೋಟೆಲ್ ಮುಚ್ಚದೆ ಬಣ್ಣ ಹಚ್ಚಿಸಿದ ಲೆಕ್ಕ

ಹಾಲ್‌ಗೆ ಬಣ್ಣ ಹಚ್ಚಿಸಬೇಕಾದರೆ ವಾರವಿಡೀ ಶಟರ್ ಎಳೆಯಲೇಬೇಕು ಎಂಬುದು ಮುಂಬಯಿಯ ನಮ್ಮ ಹೋಟೆಲಿನವರ ನಂಬಿಕೆ. ಮುಲುಂಡಿನ ನಮ್ಮ ಹೋಟೆಲ್ ಸೋಮವಾರದ ರಜೆ ಬಿಟ್ಟು ಒಂದು ದಿನವೂ ಮುಚ್ಚಲಿಲ್ಲ. ಬೆಳಗ್ಗೆ ಏಳರ ಇಡ್ಲಿ ತಪ್ಪಲಿಲ್ಲ. ಹಚ್ಚಿದ ಬಣ್ಣ ಒಂದು ಮಳೆಗಾಲವನ್ನೂ ದಾಟಿದೆ, ಆದ್ದರಿಂದ ಈಗ ಬರೆಯಬಹುದು.

ಗೋಡೆ, ಸೀಲಿಂಗ್ ಎಲ್ಲ ಸೇರಿ ಅಳತೆ ಸುಮಾರು 2,200 ಚದರಡಿ. ನೋಡಲು ಬಂದ ಠೇಕೇದಾರರು ಸಾಮಾನು ಸಮೇತ ಚದರಡಿಗೆ 24ರಿಂದ 30 ರೂಪಾಯಿ ಹೇಳಿದರು. ಒಬ್ಬ 16ಕ್ಕೆ ಇಳಿದ. ಅವನಿಗೆ ಕಾಫಿ ಕುಡಿಸಿ ಕಳುಹಿಸಿದೆ. ಆ ದರಕ್ಕೆ ಗೋಡೆ ನುಣುಪಾಗಿಸಲು ಬಳಿಯುವ ಪುಟ್ಟಿಯೊಳಗೆ ಚಾಕ್ ಪುಡಿ, ಬಣ್ಣದೊಳಗೆ ನೀರು ಬಿಟ್ಟರೆ ಬೇರೇನೂ ಬೀಳುವುದಿಲ್ಲ. ಹಿಂದಿನ ಸಲ ಹೀಗೆ ಇಡೀ ಕೆಲಸವನ್ನು ಒಬ್ಬನ ಕೈಗೆ ಕೊಟ್ಟಿದ್ದೆವು. ಅರ್ಧಕ್ಕಿಂತ ಹೆಚ್ಚು ಹಣ ಮುಂಗಡವಾಗಿ ಎಣಿಸಿಕೊಂಡ. ಮುಂದಿನ ಗಣಪತಿ ಹಬ್ಬಕ್ಕೆ ಮೊದಲೇ ಪಶ್ಚಿಮದ ಗೋಡೆ ಹಪ್ಪಳದಂತೆ ಎದ್ದಿತು. ಫೋನ್ ಮಾಡಿದರೆ ಊರಿನಲ್ಲಿದ್ದೇನೆ ಎಂಬ ಉತ್ತರ, ವರ್ಷಪೂರ್ತಿ. ಅದೂ ಸಾಲದೆಂಬಂತೆ ಅಷ್ಟೂ ದಿನ ಹೋಟೆಲ್ ಬಂದ್. ದಿನದ ಗಲ್ಲಾ 35-40 ಸಾವಿರ ಇರುವ ಜಾಗದಲ್ಲಿ ಬಣ್ಣದ ಖರ್ಚಿಗಿಂತ ಬೀಗದ ಖರ್ಚೇ ದೊಡ್ಡದು. ಹುಡುಗರ ಸಂಬಳ, ಊಟ, ರೂಮಿನ ಬಾಡಿಗೆ ನಿಲ್ಲುವುದಿಲ್ಲವಲ್ಲ.

ಈ ಸಲ ರಾತ್ರಿಯಲ್ಲೇ ಮಾಡಿಸುತ್ತೇನೆ ಎಂದಾಗ ಭಾವ, “ನಿನಗೇನು ಮರುಳೇ? ದೀಪದ ಬೆಳಕಿನಲ್ಲಿ ಹಚ್ಚಿದ ಬಣ್ಣ ಹಗಲು ನೋಡಿದರೆ ನಕಾಶೆ ಆಗಿರುತ್ತದೆ” ಎಂದರು. ಪೇಂಟ್ ಅಂಗಡಿಯವನೂ ತಲೆಯಾಡಿಸಿದ.

ಮೊದಲ ಕೆಲಸ ಹಂಗಾಮು ನೋಡುವುದು. ಇಲ್ಲಿ ಎಲ್ಲರಿಗೂ ಬಣ್ಣ ಬೇಕಾಗುವುದು ಗಣಪತಿಗೆ ಮುಂಚೆ ಅಥವಾ ದೀಪಾವಳಿಗೆ ಮುಂಚೆ. ಆಗ ಬಣ್ಣದ ಮಿಸ್ತ್ರಿಗಳ ದರ ಏರುತ್ತದೆ, ಗೋಡೆಯೂ ಮಳೆ ಕುಡಿದಿರುತ್ತದೆ. ದೀಪಾವಳಿ ಮುಗಿದ ಆರನೆಯ ದಿನ ಛಠ್ ಹಬ್ಬ. ಬಿಹಾರ, ಪೂರ್ವ ಉತ್ತರ ಪ್ರದೇಶದ ಪೇಂಟರ್ ಹುಡುಗರೆಲ್ಲ ರೈಲು ಹತ್ತಿರುತ್ತಾರೆ. ಹಬ್ಬ ಮುಗಿಸಿ ಮರಳಿದಾಗ ಅವರ ಕೈ ಖಾಲಿ, ಗೋಡೆಯೂ ಒಣಗಿರುತ್ತದೆ. ನಾನು ಕಾದದ್ದು ಅದಕ್ಕೇ.

ಆದರೆ ನೋಟಕ್ಕೆ ಒಣಗಿದ ಗೋಡೆಯನ್ನು ನಂಬಬೇಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ ರಾತ್ರಿ ಅಂಟಿಸಿ, ಮರುದಿನ ಮಧ್ಯಾಹ್ನ ಕಿತ್ತು ನೋಡಿ. ಫ್ರಿಜ್ ಹಿಂದಿನ ಗೋಡೆಯ ಹಾಳೆಯ ಒಳಮೈಯಲ್ಲಿ ಸಾಸಿವೆಯಷ್ಟು ಹನಿಗಳು ಕೂತಿದ್ದವು. ಹೊರಗೆ ಕಟ್ಟಡದ ಸೊಸೈಟಿಯ ನೀರಿಳಿಯುವ ಪೈಪಿನ ಜಾಯಿಂಟ್ ಸೋರುತ್ತಿತ್ತು. ಹಿಂದಿನವನು ಅದರ ಮೇಲೆಯೇ ಮೂರು ಕೋಟ್ ಬಳಿದು ಹೋಗಿದ್ದ! ಪೈಪ್ ರಿಪೇರಿಗೆ ಸೊಸೈಟಿಯವರನ್ನು ಒಪ್ಪಿಸಲು ಬಣ್ಣ ಹಚ್ಚಿಸುವುದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಆ ಕಥೆ ಬೇಡ.

ಇನ್ನು ಮಿಸ್ತ್ರಿ. ಹೊಸದಾಗಿ ಮಾಡಿದ ಕೆಲಸ ತೋರಿಸಬೇಡ, ಎರಡು ಮಳೆಗಾಲ ಕಂಡ ಗೋಡೆ ತೋರಿಸು ಎಂದು ಕೇಳಿದೆ. ಹೆಚ್ಚಿನವರು ಅಲ್ಲಿಗೇ ಉದುರಿದರು. ಉಳಿದವರಿಗೆ ಉಗ್ರಾಣದ ಬಾಗಿಲ ಪಕ್ಕದ ಒಂದು ತುಂಡು ಗೋಡೆ ಕೊಟ್ಟು ಅರ್ಧ ದಿನದ ಕೂಲಿ ಕೊಟ್ಟೆ. ಒಬ್ಬ ಬರುವಾಗಲೇ ರೋಲರ್ ಹಿಡಿದು ಬಂದ, ಹಳೆಯ ಬಣ್ಣ ಕೆರೆಯುವ ಪತ್ರಾ ತಂದಿರಲಿಲ್ಲ. ಇನ್ನೊಬ್ಬ ಮಾತೇ ಆಡದೆ ಹಳೆಯ ಪದರವನ್ನು ಪ್ಲಾಸ್ಟರ್ ಕಾಣುವವರೆಗೆ ಕೆರೆದು, ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದ. ಅವನನ್ನೇ ಹಿಡಿದೆ.

ಒಪ್ಪಂದ ಮಜೂರಿಗೆ ಮಾತ್ರ, ಅದೂ ಒಂದೊಂದು ಹಾತಿಗೆ, ಅಂದರೆ ಒಂದೊಂದು ಸುತ್ತಿನ ಕೆಲಸಕ್ಕೆ, ಬೇರೆ ಬೇರೆ. ಕೆರೆತ ಮುಗಿದರೆ ಇಷ್ಟು, ಲಾಂಬಿಗೆ (ಪುಟ್ಟಿ ಬಳಿಯುವುದಕ್ಕೆ) ಇಷ್ಟು, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್‌ಗೆ ಇಷ್ಟು. ರಾತ್ರಿಯ ಕೆಲಸವೆಂದು ಸ್ವಲ್ಪ ಹೆಚ್ಚೇ ಕೊಟ್ಟು ಒಟ್ಟು ಚದರಡಿಗೆ 13 ರೂಪಾಯಿ ಬಿತ್ತು. ಸಾಮಾನು ನನ್ನದು: ಪುಟ್ಟಿ 40 ಕಿಲೋದ ನಾಲ್ಕು ಚೀಲ, ಪ್ರೈಮರ್, 20 ಲೀಟರಿನ ಎರಡು ಡ್ರಮ್ ಎಮಲ್ಶನ್ (ನೀರಿನ ಬಣ್ಣ), ಟೇಪು, ಪಾಲಿಶ್ ಪೇಪರ್ ಎಲ್ಲ ಸೇರಿ 23-24 ಸಾವಿರ ಇರಬಹುದು. ಶೇ 5 ಜಿಎಸ್‌ಟಿಯ ನಮ್ಮಂಥವರಿಗೆ ಇನ್‌ಪುಟ್, ಅಂದರೆ ಕೊಂಡ ಮಾಲಿನ ಮೇಲೆ ಕಟ್ಟಿದ ತೆರಿಗೆ, ವಾಪಸ್ ಸಿಗುವುದಿಲ್ಲ, ಬಣ್ಣದ ಮೇಲಿನ ಶೇ 18 ಕೈಯಿಂದಲೇ ಹೋಗುತ್ತದೆ. ಅಂತೂ 52-53 ಸಾವಿರ. ಠೇಕೆಗಿಂತ ಉಳಿದದ್ದು ಹೆಚ್ಚೇನಲ್ಲ, ಉಳಿದದ್ದು ಗಲ್ಲಾ.

ಡ್ರಮ್ಮಿನೊಳಗೆ ಕಂಪನಿಯವರು ಪೇಂಟರ್‌ಗೆಂದು ಟೋಕನ್ ಇಡುತ್ತಾರೆ, ಅದನ್ನು ಕೊಟ್ಟರೆ ಅವನಿಗೆ ಹಣ ಸಿಗುತ್ತದೆ. “ಸೇಠ್, ಇದೇ ಮಾಲು ತನ್ನಿ” ಎಂಬ ಹಟದ ಹಿಂದೆ ಕೆಲವೊಮ್ಮೆ ಇರುವುದು ಅದೇ. ನಾನು ಡ್ರಮ್ ನನ್ನ ಕಣ್ಣೆದುರೇ ತೆರೆಸಿ, ಟೋಕನ್‌ಗಳನ್ನು ಕ್ಯಾಶ್ ಡ್ರಾಯರಿನಲ್ಲಿಟ್ಟು, ಕೊನೆಯ ಹಾತ್ ಮುಗಿದ ದಿನ ಎಲ್ಲವನ್ನೂ ಮಿಸ್ತ್ರಿಯ ಕೈಗೆ ಕೊಟ್ಟೆ. ನೀರು ಬೆರೆಸುವಾಗ ಅಳತೆಯ ಮಗ್ ನನ್ನ ಹುಡುಗನ ಕೈಯಲ್ಲಿತ್ತು.

ರಾತ್ರಿ ಹನ್ನೊಂದೂವರೆಗೆ ಮೇಜುಗಳನ್ನು ಒಂದು ಬದಿಗೆ ಒತ್ತಿ, ಒಂದೇ ಗೋಡೆ ಕೈಗೆತ್ತಿಕೊಂಡು, ಐದಕ್ಕೆ ಮುಗಿಸಿ ನೆಲ ತೊಳೆಯುವುದು. ನೀರಿನ ಬಣ್ಣ ಅಷ್ಟರಲ್ಲಿ ಒಣಗಿರುತ್ತದೆ. ಕಷ್ಟ ಬರುವುದು ಪುಟ್ಟಿ ಉಜ್ಜುವಾಗ. ಆ ಧೂಳು ದೋಸೆ ಹಿಟ್ಟಿನವರೆಗೂ ಹೋಗುತ್ತದೆ. ಹಾಗಾಗಿ ಲಾಂಬಿ ಭಾನುವಾರ ರಾತ್ರಿ, ಉಜ್ಜುವುದು ಸೋಮವಾರ ಹಗಲು ಮಾತ್ರ. ರಾತ್ರಿ ಹತ್ತರ ಮೇಲೆ ಉಜ್ಜುವ ಮಶೀನು ಓಡಿಸಿದರೆ ಮೇಲಿನ ಮಹಡಿಯವರು ಬಿಡುತ್ತಾರೆಯೇ? ಭಾವ ಹೇಳಿದ ನಕಾಶೆಗೆ ಮದ್ದು ಬಲ್ಬು. ಬಿಳಿ ಬೆಳಕಿನ ಬಲ್ಬನ್ನು ಗೋಡೆಗೆ ತಾಗುವಷ್ಟು ಹತ್ತಿರ, ಓರೆಯಾಗಿ ಹಿಡಿದರೆ ಕೂದಲೆಳೆಯಷ್ಟು ಉಬ್ಬೂ ನೆರಳು ಬಿಡುತ್ತದೆ. ಮಿಸ್ತ್ರಿ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಅಷ್ಟಕ್ಕೇ ಪುಟ್ಟಿ ಮುಟ್ಟಿಸುತ್ತಿದ್ದ. ಹಗಲಿನಲ್ಲೂ ಇಷ್ಟು ಚೆನ್ನಾಗಿ ಕಾಣುವುದಿಲ್ಲ. ಭಾವ ಈಗ ಆ ಗೋಡೆಯ ಪಕ್ಕದ ಮೇಜಿನಲ್ಲೇ ಕೂತು ಚಹಾ ಕುಡಿಯುತ್ತಾರೆ, ಬಾಯಿ ಬಿಡುವುದಿಲ್ಲ.

ಎಣ್ಣೆಯ ಹೊಗೆ ಹಿಡಿದ ಕಿಟಕಿಯ ಕಡೆ ಏನೂ ಅಂಟದು. ಅಲ್ಲಿ ತೊಳೆಯುವ ಸೋಡಾ ಬಿಸಿನೀರಿನಲ್ಲಿ ಕರಗಿಸಿ ಉಜ್ಜಿಸಿದೆ. ಅದರೊಂದಿಗೆ ಇನ್ನೊಂದು ಸಾಮಾನು ಬೆರೆಸಿದ್ದೇನೆ, ಅದು ಅಡುಗೆಮನೆಯಲ್ಲೇ ಇರುವಂಥದ್ದು. ಇಷ್ಟೇ ಹೇಳುವುದು.

ಕೈತೊಳೆಯುವ ಜಾಗಕ್ಕೆ ಆಯಿಲ್ ಪೇಂಟ್ ಪ್ರಯತ್ನಿಸಿದ್ದು ಮಾತ್ರ ಕೆಟ್ಟಿತು. ಬೆಳಗ್ಗೆ ಸಾಂಬಾರಿನ ಪರಿಮಳದ ಜೊತೆ ಟರ್ಪೆಂಟೈನ್ ವಾಸನೆ ಸೇರಿ, ನಿತ್ಯದ ಗಿರಾಕಿಗಳೇ ಅರ್ಧ ತಿಂದು ಎದ್ದರು. ಕೊನೆಗೆ ಅಲ್ಲಿ ಟೈಲ್ಸ್ ಹಾಕಿಸಿದೆ. ಉಗ್ರಾಣಕ್ಕೆ ಊರಿನ ನೆನಪಿನಲ್ಲಿ ಸುಣ್ಣ ಹೊಡೆಸಿ ನೋಡಿದೆ. ತಂಪೇನೋ ಹೌದು, ಆದರೆ ಅಕ್ಕಿ ಮೂಟೆಗಳಿಗೆಲ್ಲ ಬಿಳಿ ಹತ್ತಿತು.

ಅಡುಗೆಮನೆ ಇನ್ನೂ ಬಾಕಿ. ಅಲ್ಲಿ ರಾತ್ರಿಯೇ ಹಿಟ್ಟು ರುಬ್ಬುವುದು. ಮಿಸ್ತ್ರಿಗೆ ಜಾಗ ಕೊಟ್ಟರೆ ಗ್ರೈಂಡರನ್ನು ಎಲ್ಲಿಡಬೇಕು ಎಂಬ ಲೆಕ್ಕ ಕೂಡಿಬಂದ ಮೇಲೆ ಅದನ್ನೂ ಬರೆಯುತ್ತೇನೆ.