ರಾಗಿ ತಿಂದ ಹುಳು, ಹುಳು ತಿಂದ ಚುಕ್ಕಿ: ಗೆಕ್ಕೊ ಸಾಕಿದ ನನ್ನ ಅನುಭವ

ಮೊನ್ನೆ ಭಾನುವಾರ ನಮ್ಮ ಚುಕ್ಕಿಯನ್ನು ತೂಗಿದೆ. ಚುಕ್ಕಿ ಅಂದರೆ ನಾವು ಸಾಕಿರುವ ಲೆಪರ್ಡ್ ಗೆಕ್ಕೊ, ಒಂದು ಜಾತಿಯ ಹಲ್ಲಿ. 71 ಗ್ರಾಂ. ಬಾಲ ಕುತ್ತಿಗೆಯಷ್ಟೇ ದಪ್ಪ, ಕಣ್ಣು ಫಳಫಳ, ಇಪ್ಪತ್ತು ಬೆರಳೂ ನೆಟ್ಟಗಿವೆ. ಐದು ವರ್ಷದಿಂದ ಅವಳ ಮುಖ್ಯ ಊಟ ನಮ್ಮ ಮನೆಯಲ್ಲೇ ರಾಗಿ ಹಿಟ್ಟು, ಬೂಸಾದಲ್ಲಿ ಬೆಳೆದ, ಒಂದು ಬಗೆಯ ದುಂಬಿಯ ಮರಿಹುಳುವಾದ ಮೀಲ್‌ವರ್ಮ್. ಹೀಗೆ ಸಾಕಿದರೆ ಆರು ತಿಂಗಳೂ ಬದುಕಲ್ಲ ಅಂದವರು ನಮ್ಮ ಡಲ್ಲಾಸ್ ಗೆಳೆಯರ ಬಳಗದಲ್ಲೇ ಮೂವರಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗಾಜಿನ ಟ್ಯಾಂಕ್ ಜೋಡಿಸೋದು, ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಹಾಕೋದು ಸಾಕುವವರಿಗೆಲ್ಲ ಗೊತ್ತಿರುವ ವಿಷಯ, ಅದನ್ನು ಬಿಡುತ್ತೇನೆ.

ಚುಕ್ಕಿ ನಮ್ಮ ಎರಡನೇ ಲೆಪರ್ಡ್ ಗೆಕ್ಕೊ. ಮೊದಲನೆಯದನ್ನು 2019ರಲ್ಲಿ ಮಗಳ ಹುಟ್ಟುಹಬ್ಬಕ್ಕೆ ಹತ್ತಿರದ ಒಂದು ಅಂಗಡಿಯಿಂದ ತಂದೆ. 40 ಡಾಲರ್ ಇರಬೇಕು. ಒಂದೇ ಟ್ಯಾಂಕಿನಲ್ಲಿ ಏಳೆಂಟು ಮರಿ, ಕೆಳಗೆ ಬರೀ ಮರಳು. ನಾವು ಆರಿಸಿದ್ದಕ್ಕೆ ಬಾಲ ಪೆನ್ಸಿಲ್‌ನಷ್ಟು ಸಣ್ಣ. ಮರಿ ಅಲ್ವಾ, ಬೆಳೆದರೆ ದಪ್ಪ ಆಗುತ್ತೆ ಅಂದುಕೊಂಡೆ. ಅಲ್ಲೇ ತಪ್ಪಿದ್ದು. ಈ ಪ್ರಾಣಿ ಕೊಬ್ಬು ಕೂಡಿಡೋದೇ ಬಾಲದಲ್ಲಿ. ಬಾಲ ಸೊರಗಿದೆ ಅಂದರೆ ಉಳಿತಾಯ ಖಾಲಿ ಅಂತಲೇ ಅರ್ಥ. ಡಾಕ್ಟರ್ ಫೀಸ್ 90, ಹಿಕ್ಕೆ ಪರೀಕ್ಷೆ 50, ಹೊಟ್ಟೆಹುಳದ ಔಷಧಿ, ಮತ್ತೆ ಫೀಸ್. ಏಳು ವಾರ ಎಳೆದಾಡಿ ಸತ್ತಿತು. ಎಲ್ಲ ಸೇರಿ 400 ಡಾಲರ್ ದಾಟಿತು. ಹಿತ್ತಲಲ್ಲಿ ಹೂಳಿದೆವು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಸಲ ಅಂಗಡಿ ಕಡೆ ಹೋಗಲೇ ಇಲ್ಲ. ಆರ್ಲಿಂಗ್ಟನ್‌ನಲ್ಲಿ ನಡೆಯುವ ಸರೀಸೃಪ ಮೇಳಕ್ಕೆ ಹೋದೆ. ಸುಮಾರು ನಾಲ್ಕು ಗಂಟೆ ಸುತ್ತಿದೆ. ಬಾಲ ನೋಡಿದೆ, ಮಲದ ಜಾಗ ಒಣಗಿ ಚೊಕ್ಕಟವಾಗಿದೆಯಾ ನೋಡಿದೆ, ಬೆರಳಿಗೆ ಹಳೇ ಪೊರೆ ಅಂಟಿದೆಯಾ ಒಂದೊಂದಾಗಿ ನೋಡಿದೆ. 'ನನ್ನ ಎದುರಿಗೆ ಒಂದು ಹುಳು ತಿನ್ನಿಸಿ' ಅಂತ ಕೇಳಿದೆ. ಕೆಲವರು ಮುಖ ತಿರುಗಿಸಿದರು. ಒಬ್ಬರು ಖುಷಿಯಿಂದ ತಿನ್ನಿಸಿ ತೋರಿಸಿದರು. ಅವರ ಹತ್ತಿರವೇ ಕೊಂಡೆ. ಮುನ್ನೂರು ಡಾಲರಿನ ಬಣ್ಣಬಣ್ಣದ ತಳಿಗಳೂ ಇದ್ದವು. ಮೊದಲ ಸಲ ಸಾಕುವವರಿಗೆ ಅವು ಬೇಡವೇ ಬೇಡ ಅನ್ನೋದು ನನ್ನ ಖಂಡಿತ ಅಭಿಪ್ರಾಯ. ಎನಿಗ್ಮಾ ಅನ್ನುವ ತಳಿಯಲ್ಲಂತೂ ತಲೆ ವಾಲಿಸಿಕೊಂಡು ಸುತ್ತುವ ನರದ ತೊಂದರೆ ವಂಶವಾಹಿಯಲ್ಲೇ ಇರುತ್ತೆ. ನಾನು ತಂದಿದ್ದು ಮಾಮೂಲಿ ಹಳದಿ ಮೈ, ಕಪ್ಪು ಚುಕ್ಕಿ, ಹೆಣ್ಣು. 60 ಡಾಲರ್, 18 ಗ್ರಾಂ. ಮಾರುವವರಿಗೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ. ಅದನ್ನು ನನ್ನ ಜೊತೆ ಮೇಳಕ್ಕೆ ಬರುವವರಿಗೆ ಮಾತ್ರ ಹೇಳುತ್ತೇನೆ.

ಆಗ ನಮ್ಮ ಅಮ್ಮ ಊರಿಂದ ಬಂದಿದ್ದರು. 'ಊರಲ್ಲಿ ಹಲ್ಲೀನ ಪೊರಕೆ ತಗೊಂಡು ಓಡಿಸ್ತೀವಿ, ನೀನು ದುಡ್ಡು ಕೊಟ್ಟು ತಂದಿದ್ದೀಯಲ್ಲೋ' ಅಂದರು. ಇದು ಗೋಡೆ ಹತ್ತಲ್ಲ, ಬೆರಳಲ್ಲಿ ಅಂಟು ಇಲ್ಲ, ನಮ್ಮ ಹಾಗೆ ರೆಪ್ಪೆ ಮುಚ್ಚಿ ಮಲಗುತ್ತೆ ಅಂತ ತೋರಿಸಿದೆ. ರೆಪ್ಪೆ ನೋಡಿದ ಮೇಲೆ ಅಮ್ಮ ಸ್ವಲ್ಪ ಮೆತ್ತಗಾದರು.

ನಿಜವಾದ ಜಗಳ ಶುರುವಾಗಿದ್ದು ಮೊದಲು ಚುಕ್ಕಿಗೆ ತಿನ್ನಿಸುತ್ತಿದ್ದ ಕ್ರಿಕೆಟ್ ಹುಳುವಿನಿಂದ, ರಾತ್ರಿ ಕಿರ್ರೆನ್ನುವ ಕೀಟ ಅದು. ಸಾವಿರ ಹುಳಕ್ಕೆ ಅಂಚೆ ಖರ್ಚು ಸೇರಿ ಆಗ 30 ಡಾಲರ್ ಹತ್ತಿರ ಆಗುತ್ತಿತ್ತು. ಜುಲೈನಲ್ಲಿ ಬಾಗಿಲ ಮುಂದೆ ಒಂದು ಮಧ್ಯಾಹ್ನ ಬಿಸಿಲಿಗೆ ಬಿದ್ದಿದ್ದ ಪೊಟ್ಟಣದಲ್ಲಿ ಮುಕ್ಕಾಲು ಭಾಗ ಸತ್ತಿದ್ದವು. ಬದುಕಿದ್ದವು ವಾಸನೆ ಹೊಡೆಯುತ್ತಿದ್ದವು. ನಾಲ್ಕೈದು ತಪ್ಪಿಸಿಕೊಂಡು ದೇವರ ಗೂಡಿನ ಹಿಂದೆ ಸೇರಿ ರಾತ್ರಿಯೆಲ್ಲ ಕಿರ್ರೋ ಅಂತ ಕೂಗಿದವು. ಹೆಂಡತಿ ಕೈ ಮುಗಿದು ಹೇಳಿದಳು, ಇನ್ನು ಈ ಹುಳು ಮನೆಗೆ ಬೇಡ ಅಂತ.

ಮೀಲ್‌ವರ್ಮ್ ಸದ್ದು ಮಾಡಲ್ಲ, ಹಾರಲ್ಲ, ನಯವಾದ ಡಬ್ಬಿ ಹತ್ತಲ್ಲ. ಎರಡು ಡಬ್ಬಿ ಶುರು ಮಾಡಿದೆ. ಅದೇ ಹೊತ್ತಿಗೆ ಅಮ್ಮ ಊರಿಂದ ತಂದಿದ್ದ ರಾಗಿ ಹಿಟ್ಟು ಹಳೇದಾಗಿ ಕಹಿ ಬಂದಿತ್ತು. ಎಸೆಯೋಕೆ ಹೋದೆ. 'ಎಸೀಬೇಡ ಕಣೋ, ನಿನ್ನ ಹುಳಕ್ಕೆ ಹಾಕು' ಅಂದರು ಅಮ್ಮ. ಐಡಿಯಾ ಅವರದೇ, ನನ್ನದಲ್ಲ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಗೋಧಿ, ಅಕ್ಕಿ ಇದರ ಹತ್ತಿರಕ್ಕೂ ಬರಲ್ಲ. ಮೀಲ್‌ವರ್ಮ್‌ನ ದೊಡ್ಡ ಕೊರತೆಯೇ ಕ್ಯಾಲ್ಸಿಯಂ. ಹೊಟ್ಟೆ ತುಂಬ ರಾಗಿ ಇರುವ ಹುಳು ಬರೀ ಬೂಸಾ ತಿಂದ ಹುಳುವಿಗಿಂತ ಮೇಲಲ್ವಾ ಅಂತ ಲೆಕ್ಕ ಹಾಕಿದೆ. ಹಾಗಂತ ಕ್ಯಾಲ್ಸಿಯಂ ಪುಡಿ ಉದುರಿಸೋದನ್ನು ಯಾವತ್ತೂ ಬಿಟ್ಟಿಲ್ಲ. ರಾಗಿ ಒಂದರಿಂದಲೇ ಆ ಕೊರತೆ ತುಂಬಲ್ಲ. ಇದನ್ನು ಓದಿ ಯಾರೂ ಪುಡಿ ನಿಲ್ಲಿಸಬೇಡಿ.

ಮೊದಲ ಮೂರು ಸಲ ಕೆಟ್ಟಿತು. ಬರೀ ರಾಗಿ ಹಿಟ್ಟು ಹಾಕಿದರೆ ಕ್ಯಾರೆಟ್ಟಿನ ನೀರು ಹೀರಿ ಗಟ್ಟಿ ಹೆಂಟೆ ಆಗುತ್ತೆ, ಕೆಳಗೆ ಬೂಷ್ಟು. ಎರಡನೇ ಸಲ ನುಸಿ ಬಿತ್ತು. ಡಬ್ಬಿಯ ಅಂಚಿನಲ್ಲಿ ಬೂದಿ ಬಣ್ಣದ ಧೂಳು ಕಂಡಿತು. ಒರೆಸೋಣ ಅಂತ ಬೆರಳಿಟ್ಟರೆ ಆ ಧೂಳು ನಿಧಾನವಾಗಿ ಬೆರಳಿನ ಮೇಲೆ ಹತ್ತುತ್ತಿತ್ತು. ಡಬ್ಬಿ ಸಮೇತ ಹೊರಗೆ ಹಾಕಿದೆ. ಮೂರನೇ ಸಲ ಗ್ಯಾರೇಜಿನಲ್ಲಿಟ್ಟೆ, ಆಗಸ್ಟ್ ಸೆಕೆಗೆ ಎಲ್ಲ ಬೆಂದುಹೋದವು. ಅಷ್ಟರಲ್ಲಿ ಇನ್ನೊಂದು 80, 90 ಡಾಲರ್ ಹೋಗಿತ್ತು.

ಈಗ ಮೂರು ಪಾಲು ಗೋಧಿ ಬೂಸಾ, ಒಂದು ಪಾಲು ರಾಗಿ ಹಿಟ್ಟು. ಎರಡನ್ನೂ ಓವನ್‌ನಲ್ಲಿ ಚೆನ್ನಾಗಿ ಬಿಸಿ ಮಾಡಿ, ಆರಿಸಿ ಹಾಕುತ್ತೇನೆ. ಅದಾದ ಮೇಲೆ ನುಸಿ ಬಂದಿಲ್ಲ. ಕ್ಯಾರೆಟ್ ದಪ್ಪ ತುಂಡು, ಮಾರನೇ ದಿನ ತೆಗೆದುಬಿಡಬೇಕು. ಡಬ್ಬಿ ಇರೋದು ಬಟ್ಟೆ ಬೀರು ಪಕ್ಕದ ಗೂಡಿನಲ್ಲಿ, 26 ಡಿಗ್ರಿ ಸುತ್ತಮುತ್ತ. ದುಂಬಿಯಾಗುವ ಮುನ್ನ ಕೋಶ ಆದವನ್ನು ದಿನಾ ಬೇರೆ ಮಾಡುತ್ತೇನೆ, ಇಲ್ಲದಿದ್ದರೆ ಉಳಿದವು ತಿಂದುಹಾಕುತ್ತವೆ. ತಿನ್ನಿಸುವ ಮುನ್ನಾದಿನ ಹುಳುವಿಗೆ ಒಂದು ಸೊಪ್ಪು ಹಾಕುತ್ತೇನೆ. ಯಾವ ಸೊಪ್ಪು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತಿಂಗಳಿಗೆ ಈಗ ಎರಡು ಡಾಲರ್ ಖರ್ಚಾದರೆ ಹೆಚ್ಚು.

'ಮೀಲ್‌ವರ್ಮ್ ಬರೀ ಸಿಪ್ಪೆ, ಹೊಟ್ಟೆ ಕಟ್ಟುತ್ತೆ' ಅಂದಿದ್ದರು ಗೆಳೆಯರು. ಹೊಟ್ಟೆ ಕಟ್ಟೋದು ಜಾಸ್ತಿ ತಣ್ಣಗಿರುವ ಟ್ಯಾಂಕಿನಲ್ಲಿ. ಬಿಸಿ ಕಡೆ ನೆಲ 32 ಡಿಗ್ರಿ ಇದ್ದರೆ ಅರಗುತ್ತೆ. ನಾನು ಆಗತಾನೇ ಪೊರೆ ಬಿಟ್ಟ ಬಿಳೀ ಹುಳುವನ್ನೇ ಹೆಚ್ಚು ಆರಿಸಿ ಕೊಡುತ್ತೇನೆ, ಅದು ಮೆತ್ತಗಿರುತ್ತೆ. ವಾರಕ್ಕೊಂದು ಸಲ ಡುಬಿಯಾ ಅನ್ನುವ ಜಾತಿಯ ಜಿರಲೆ ಕೊಡುತ್ತೇನೆ. ನಾಲ್ಕನೇ ವರ್ಷ ಎಕ್ಸ್‌ರೇ ತೆಗೆಸಿದೆ, 180 ಡಾಲರ್ ಅಂತ ನೆನಪು. ಮೂಳೆ ಗಟ್ಟಿಯಾಗಿದೆ, ಏನು ತಿನ್ನಿಸ್ತೀರಿ ಅಂತ ಡಾಕ್ಟರೇ ಕೇಳಿದರು. ರಾಗಿ ಅಂದರೆ ಏನು ಅಂತ ಅವರಿಗೆ ಹತ್ತು ನಿಮಿಷ ಹೇಳಿದೆ. ಆ ಎಕ್ಸ್‌ರೇ ಚಿತ್ರವನ್ನು ಬಳಗದ ಮೂವರಿಗೂ ತೋರಿಸಿದ್ದೇನೆ. ಅವರಲ್ಲಿ ಒಬ್ಬರು ಈಗ ನನ್ನ ಹತ್ತಿರವೇ ಹುಳು ಒಯ್ಯುತ್ತಾರೆ.

ನಡುವೆ ಮೊಸರಿನ ಮಣ್ಣಿನ ಕುಡಿಕೆಯ ಪ್ರಯೋಗವೂ ಆಯಿತು. ಪೊರೆ ಬಿಡುವಾಗ ತೇವ ಬೇಕು. ಪ್ಲಾಸ್ಟಿಕ್ ಡಬ್ಬಿಯಲ್ಲಿ ಒದ್ದೆ ಪಾಚಿ (ಮಾಸ್) ಇಟ್ಟರೆ ವಾರದಲ್ಲಿ ವಾಸನೆ. ಕುಡಿಕೆಯ ಬಾಯಿ ಒಂದು ಕಡೆ ಒಡೆದು, ಅಂಚು ಉಜ್ಜಿ ನಯ ಮಾಡಿ, ನೀರಲ್ಲಿ ನೆನೆಸಿ ಬೋರಲು ಹಾಕಿದೆ. ಮಣ್ಣು ಎರಡು ದಿನ ತೇವ ಹಿಡಿಯುತ್ತೆ. ಮೊದಲ ಸಲ ಅವಳು ಅದರೊಳಗೆ ಪೊರೆ ಬಿಟ್ಟದ್ದನ್ನು ಟಾರ್ಚ್ ಹಿಡಿದು ನೋಡಿದೆ. ಮೈಯೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ಮೂತಿಯನ್ನು ಕುಡಿಕೆಯ ಅಂಚಿಗೆ ತಿಕ್ಕಿದಳು, ಪೊರೆ ಕಣ್ಣಿನ ಮೇಲಿಂದ ಹಿಂದಕ್ಕೆ ಸುರುಳಿಯಾಯಿತು. ಆಮೇಲೆ ಕೈಗವಸು ಕಳಚುವ ಹಾಗೆ ಒಂದೊಂದೇ ಕೈಯಿಂದ ಬಾಯಲ್ಲಿ ಎಳೆದು ತಿಂದಳು.

ಹೆದರಿದ್ದು ಒಂದೇ ಸಲ, 2021ರ ಫೆಬ್ರವರಿಯಲ್ಲಿ. ಟೆಕ್ಸಸ್‌ನಲ್ಲಿ ಕರೆಂಟ್ ಹೋದ ಆ ವಾರ ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿಗೆ ಇಳಿದಿತ್ತು. ಮನೆಯೊಳಗೆ 10 ಇರಬಹುದು. ಟ್ಯಾಂಕಿಗೆ ಬಿಸಿ ಕೊಡುವ ಹೀಟ್ ಮ್ಯಾಟ್ ಸತ್ತಿತು. ಗ್ಯಾಸ್ ಒಲೆಯನ್ನು ಬೆಂಕಿಕಡ್ಡಿಯಿಂದ ಹಚ್ಚಿ ನೀರು ಕಾಯಿಸಿ, ಸ್ಟೀಲ್ ಬಾಟಲಿಗೆ ತುಂಬಿ ಟವೆಲ್ ಸುತ್ತಿ ಟ್ಯಾಂಕಿನಲ್ಲಿಟ್ಟೆ. ಎರಡು ಗಂಟೆಗೊಮ್ಮೆ ಬದಲಾಯಿಸಿದೆ. ರಾತ್ರಿ ಅವಳನ್ನು ತೂತು ಮಾಡಿದ ಸಣ್ಣ ಡಬ್ಬಿಯಲ್ಲಿಟ್ಟು ಬನಿಯನ್ನಿಗೂ ಸ್ವೆಟರಿಗೂ ಮಧ್ಯೆ ಇಟ್ಟುಕೊಂಡು ಕುರ್ಚಿಯಲ್ಲೇ ಕೂತೆ. ಒಂದು ಹುಳುವನ್ನೂ ಕೊಡಲಿಲ್ಲ. ಮೈ ತಣ್ಣಗಿದ್ದಾಗ ತಿಂದದ್ದು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತೆ. ಆ ವಾರ ಅವಳ ತೂಕ ಇಳಿದದ್ದು ಎರಡೇ ಗ್ರಾಂ.

ಊರಿಂದ ಕೇಳುವವರಿಗೆ ಒಂದು ಮಾತು. ಲೆಪರ್ಡ್ ಗೆಕ್ಕೊದ ದಾಯಾದಿಗಳು ನಮ್ಮ ಪಶ್ಚಿಮ ಭಾರತದ ಕಲ್ಲುಗಾಡಿನಲ್ಲೂ ಇವೆ. ಅವನ್ನು ಹಿಡಿದು ತಂದು ಸಾಕಬೇಡಿ. ಅವು ಅಲ್ಲೇ ಚೆನ್ನಾಗಿವೆ.

ಈಗ ಒಂದು ಡಬ್ಬಿಯಲ್ಲಿ ರಾಗಿ ಬದಲು ಹುರುಳಿ ಹಿಟ್ಟು ಹಾಕಿ ನೋಡುತ್ತಿದ್ದೇನೆ. ಮೂರು ವಾರವಾಯಿತು. ಹುಳು ಇನ್ನೂ ಸಣ್ಣದೇ ಇವೆ, ಆದರೆ ಸತ್ತಿಲ್ಲ. ಇನ್ನೊಂದು ತಿಂಗಳು ಬಿಟ್ಟು ಎರಡೂ ಡಬ್ಬಿಯಿಂದ ನೂರು ನೂರು ಹುಳು ಎಣಿಸಿ ತೂಗುತ್ತೇನೆ.