ಜೋಡಿ ಡಾನ್ಸ್: ಬೀಟ್ ಹಿಡಿಯುವುದು ಹೇಗೆ, ಹಿಡಿದದ್ದನ್ನು ಬಿಡದೇ ಇರುವುದು ಹೇಗೆ?

ಹೆಜ್ಜೆಗಳೆಲ್ಲ ಬಾಯಿಪಾಠ ಆಗಿವೆ, ಆದರೆ ಹಾಡು ಶುರುವಾದ ಕೂಡಲೇ ಜೊತೆಗಾರರ ಕಾಲು ತುಳಿಯುತ್ತೀರಿ. ಹೊಸದಾಗಿ ಕಲಿಯುವವರಿಗೆಲ್ಲ ಇದೇ ತಲೆನೋವು. ಹೆಚ್ಚಿನ ಸಲ ಹೆಜ್ಜೆ ಸರಿಯಾಗಿಯೇ ಇರುತ್ತದೆ, ಅದನ್ನು ಇಡುವ ಹೊತ್ತು ತಪ್ಪಿರುತ್ತದೆ. ಅದರಲ್ಲೂ ತಡ ಮಾಡುವವರು ಕಡಿಮೆ, ಬೀಟ್ ಬರುವ ಮೊದಲೇ ಕಾಲಿಡುವವರೇ ಜಾಸ್ತಿ.

ಹಾಗಾಗಿ ಮೊದಲು ಕಾಲಿಗೆ ಕೆಲಸ ಕೊಡಬೇಡಿ. ಸುಮ್ನೆ ಕೂತು ಹಾಡು ಕೇಳಿ. ಹಾಡುವವರ ದನಿಯನ್ನು ಹಿಡಿದು ಹೋಗಬೇಡಿ, ಅವರು ಸಾಲನ್ನು ಎಳೆಯುತ್ತಾರೆ, ಒಮ್ಮೊಮ್ಮೆ ಬೀಟ್ ದಾಟಿದ ಮೇಲೆ ಬಂದು ಸೇರುತ್ತಾರೆ. ಡ್ರಮ್ ಮತ್ತು ಬೇಸ್ ಕಡೆ ಕಿವಿ ಕೊಡಿ. ಸಮನಾಗಿ ಬೀಳುವ ಪೆಟ್ಟಿಗೆ ತೊಡೆ ತಟ್ಟುತ್ತಾ ಹೋದರೆ ಆಗಾಗ ಒಂದು ಪೆಟ್ಟು ಉಳಿದವುಗಳಿಗಿಂತ ತೂಕವಾಗಿ ಕೇಳಿಸುತ್ತದೆ. ಸಾಮಾನ್ಯವಾಗಿ ಅದೇ ನಿಮ್ಮ 'ಒಂದು'. ಅದು ಮೂರಕ್ಕೊಮ್ಮೆ ಬಂದರೆ ವಾಲ್ಟ್ಸ್ ಎಂಬ ಡಾನ್ಸಿನ ಹಾಡು ಆಗಿರಬಹುದು. ಸಾಲ್ಸಾ, ಬಚಾಟಾ, ಚಾ ಚಾ ಚಾ, ಫಾಕ್ಸ್‌ಟ್ರಾಟ್ ಎಲ್ಲವೂ ನಾಲ್ಕರ ಲೆಕ್ಕ.

ನಾಲ್ಕರ ಹಾಡುಗಳಲ್ಲಿ ಎರಡು ನಾಲ್ಕು ಸೇರಿಸಿ ಎಂಟರವರೆಗೆ ಎಣಿಸುವುದು ರೂಢಿ. ಹಾಡಿನ ಸಾಲು ಹೆಚ್ಚಾಗಿ ಎಂಟರ ಗುಂಪಿನಲ್ಲೇ ಮುಗಿದು ಶುರುವಾಗುತ್ತದೆ, ಇಂಥ ನಾಲ್ಕು ಗುಂಪು ಅಂದರೆ 32 ಬೀಟ್ ಆದಾಗ ಎಷ್ಟೋ ಹಾಡುಗಳಲ್ಲಿ ಪಲ್ಲವಿಯೋ ಹೊಸ ವಾದ್ಯವೋ ಬಂದು ನಿಮ್ಮ ಎಣಿಕೆ ಸರಿ ಇದೆಯೋ ಇಲ್ಲವೋ ಅಂತ ತಾನೇ ಹೇಳಿಬಿಡುತ್ತದೆ.

ಈಗ ಎದ್ದು ನಿಲ್ಲಿ. ಇದ್ದಲ್ಲೇ ಮೈಭಾರವನ್ನು ಎಡಗಾಲಿಗೆ, ಬಲಗಾಲಿಗೆ ದಾಟಿಸಿ, ಪ್ರತಿ ಬೀಟಿಗೆ ಒಂದು ಸಲ. ನನ್ನ ಪ್ರಕಾರ ಇಡೀ ವಿಷಯ ಇರುವುದೇ ಇಲ್ಲಿ. ಪಾದ ನೆಲ ಮುಟ್ಟಿದರೆ ಹೆಜ್ಜೆ ಆಗಲಿಲ್ಲ, ಮೈಭಾರ ಆ ಕಾಲಿನ ಮೇಲೆ ಬಂದಾಗಲೇ ಆಯಿತು, ಮತ್ತು ಅದು ಬರಬೇಕಾದದ್ದು ಸರಿಯಾಗಿ ಬೀಟಿನ ಮೇಲೆ. ಬಚಾಟಾದಲ್ಲಿ ನಾಲ್ಕಕ್ಕೂ ಎಂಟಕ್ಕೂ ಕಾಲು ಸುಮ್ನೆ ತಟ್ಟುವುದಷ್ಟೇ, ಭಾರ ಹಾಕುವಂತಿಲ್ಲ. ಅಲ್ಲಿ ಭಾರ ಹಾಕಿದಿರೋ, ಮುಂದಿನ ಹೆಜ್ಜೆಗೆ ಬೇಕಾದ ಕಾಲು ಸಿಕ್ಕಿಬೀಳುತ್ತದೆ.

ಇನ್ನು ಒಂದೊಂದು ಡಾನ್ಸಿನ ಎಣಿಕೆ. ವಾಲ್ಟ್ಸ್ ಸುಲಭ: ಒಂದು-ಎರಡು-ಮೂರು, ಅಷ್ಟೇ. ಸ್ಪರ್ಧೆಗಳಲ್ಲಿ ನಿಧಾನದ ವಾಲ್ಟ್ಸ್ ನಿಮಿಷಕ್ಕೆ ಸುಮಾರು 84ರಿಂದ 90 ಬೀಟ್ ಇರುತ್ತದೆ, ವಿಯೆನೀಸ್ ವಾಲ್ಟ್ಸ್ ಸುಮಾರು 180, ಅಂದರೆ ಅದೇ ಮೂರನ್ನು ಎರಡರಷ್ಟು ವೇಗದಲ್ಲಿ ಎಣಿಸಬೇಕು. ಫಾಕ್ಸ್‌ಟ್ರಾಟ್‌ನಲ್ಲಿ ಅಂಕಿ ಬಿಟ್ಟು 'ಸ್ಲೋ, ಸ್ಲೋ, ಕ್ವಿಕ್, ಕ್ವಿಕ್' ಅನ್ನುತ್ತಾರೆ. ಸ್ಲೋಗೆ ಎರಡು ಬೀಟ್, ಕ್ವಿಕ್‌ಗೆ ಒಂದು. ಒಟ್ಟು ಆರು ಆಯಿತಲ್ವಾ? ಹಾಡು ನಾಲ್ಕರದ್ದು, ಹೆಜ್ಜೆ ಆರರದ್ದು, ಆದ್ದರಿಂದ ಎರಡನೇ ಸುತ್ತು ಮೂರನೇ ಬೀಟಿನಿಂದ ಶುರುವಾಗುತ್ತದೆ. ಗಾಬರಿ ಬೇಡ, ಅದು ಹಾಗೇ ಇರಬೇಕು. ಚಾ ಚಾ ಚಾದಲ್ಲಿ 'ಎರಡು, ಮೂರು, ನಾಲ್ಕು-ಮತ್ತು-ಒಂದು' ಅಂತ ಎಣಿಸಿ. ನಾಲ್ಕಕ್ಕೂ 'ಮತ್ತು'ವಿಗೂ ಅರ್ಧರ್ಧ ಬೀಟ್, ಒಂದಕ್ಕೆ ಪೂರ್ತಿ.

ಸಾಲ್ಸಾದ ಕಥೆಯೇ ಬೇರೆ. ಒಂದು-ಎರಡು-ಮೂರು, ತಡೆ, ಐದು-ಆರು-ಏಳು, ತಡೆ. ನಾಲ್ಕು ಮತ್ತು ಎಂಟಕ್ಕೆ ಹೊಸ ಹೆಜ್ಜೆ ಇಲ್ಲ, ಹಾಗಂತ ಅವನ್ನು ನುಂಗಿಬಿಡುವವರೇ ಹೆಚ್ಚು, ನುಂಗಿದ ತಕ್ಷಣ ಹಾಡಿಗಿಂತ ಒಂದು ಬೀಟ್ ಮುಂದೆ ಓಡಿರುತ್ತಾರೆ. ಕಲಿಯುವಾಗ 'ನಾಲ್ಕು', 'ಎಂಟು' ಅಂತ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ. ಮೊದಲ ಬೀಟಿಗೆ 'ಮುರಿಯುವ', ಅಂದರೆ ಹೋಗುತ್ತಿದ್ದ ದಿಕ್ಕು ಬದಲಿಸುವ ಹೆಜ್ಜೆ ಇಡುವ ಶೈಲಿಯೂ ಇದೆ, ಎರಡನೆಯದಕ್ಕೆ ಮುರಿಯುವುದೂ ಇದೆ. ಯಾವುದು ಅಂತ ಕುಣಿಯುವ ಮೊದಲೇ ಇಬ್ಬರೂ ಮಾತಾಡಿಕೊಳ್ಳಿ.

ಜೋಡಿಯಾಗಿ ಶುರು ಮಾಡುವಾಗ ಹಾಡು ಬಂದ ಕೂಡಲೇ ನುಗ್ಗಬೇಡಿ. ಕೈ ಹಿಡಿದು, ಇದ್ದಲ್ಲೇ ಅತ್ತಿತ್ತ ಭಾರ ದಾಟಿಸುತ್ತಾ ಒಂದು ಎಂಟು ಹೋಗಲು ಬಿಡಿ, ಮುಂದಿನ 'ಒಂದು'ವಿಗೆ ಹೊರಡಿ. ನಡುವೆ ತಪ್ಪಿದರೂ ಇದೇ ಉಪಾಯ. ಲೀಡ್ ಮಾಡುವವರು ಬೀಟ್ ಬಿಟ್ಟರು ಅಂದುಕೊಳ್ಳಿ, ಫಾಲೋ ಮಾಡುವವರಿಗೆ ಅದು ಗೊತ್ತಾಗಿಯೂ ಬಿಟ್ಟಿತು. ಆಗ ಇಬ್ಬರೂ ತಮ್ಮ ತಮ್ಮ ಎಣಿಕೆ ಎಳೆದಾಡುವುದಕ್ಕಿಂತ ಕೂಡಿಯೇ ತಪ್ಪುವುದು ಮೇಲು, ಆಮೇಲೆ ನಿಂತು ಸರಿಮಾಡಿಕೊಳ್ಳಬಹುದು.

ಮನೆಯಲ್ಲಿ ಹಾಡಿನ ವೇಗವನ್ನು ಮುಕ್ಕಾಲಿಗೆ ಇಳಿಸಿ ಅಭ್ಯಾಸ ಮಾಡಿ. ಅದು ಹಿಡಿತಕ್ಕೆ ಬಂದ ಮೇಲೆ ಹೀಗೊಂದು ಪರೀಕ್ಷೆ ಮಾಡಿಕೊಳ್ಳಿ: ಎಣಿಸುತ್ತಾ ಹೆಜ್ಜೆ ಹಾಕುವಾಗ ಯಾರಾದರೂ ಎರಡು ಎಂಟಿನಷ್ಟು ಹೊತ್ತು ಸೌಂಡ್ ಪೂರ್ತಿ ಇಳಿಸಿ ಮತ್ತೆ ಏರಿಸಲಿ. ಸೌಂಡ್ ಬಂದಾಗ ನೀವು ಹಾಡಿಗಿಂತ ಮುಂದೆ ಇದ್ದರೆ, ನಾಲ್ಕು ಮತ್ತು ಎಂಟನ್ನು ಮತ್ತೆ ಜೋರಾಗಿ ಹೇಳಲು ಶುರು ಮಾಡಿ.