ಹ್ಯಾಪನ್, ಟರ್ನ್, ಬಿಕಮ್: ಈ ಕ್ರಿಯಾಪದಗಳನ್ನು ನಾನು ಪಾಠ ಮಾಡುವ ಬಗೆ

ದಾವಣಗೆರೆಯ ನಿಟುವಳ್ಳಿಯಲ್ಲಿ ಸಂಜೆ ಹೊತ್ತು ಇಂಗ್ಲಿಷ್ ಟ್ಯೂಷನ್ ಮಾಡುತ್ತೇನೆ. ಬರುವವರಲ್ಲಿ ಜಾಸ್ತಿ ಜನ ಕನ್ನಡ ಮೀಡಿಯಂನಲ್ಲಿ ಓದಿ ಪಿಯುಸಿಗೋ ಐಟಿಐಗೋ ಸೇರಿದವರು. ವಸ್ತುಗಳ ಹೆಸರು ಇವರಿಗೆ ಕಷ್ಟವಲ್ಲ. ಬದುಕು, ಬದಲಾವಣೆ ಹೇಳುವ ಕ್ರಿಯಾಪದ ಬಂತೋ, ತಲೆ ಕೆರೆದುಕೊಳ್ಳುತ್ತಾರೆ. ಬಿಕಮ್, ಹ್ಯಾಪನ್, ಟರ್ನ್, ಗ್ರೋ ಎಲ್ಲದಕ್ಕೂ 'ಆಗು' ಅಂತಲೇ ಬರೆದುಕೊಂಡಿರುತ್ತಾರೆ. ಆಮೇಲೆ ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಗೆ ಗೊತ್ತಾಗಬೇಕು ಹೇಳಿ? ಅದಕ್ಕೇ ಅರ್ಥ ಬರೆಸುವ ಮೊದಲು ಪದ ಎಲ್ಲಿಂದ ಬಂತು ಅಂತ ಹೇಳುತ್ತೇನೆ.

ಶುರು ಮಾಡುವುದು ಟರ್ನ್‌ನಿಂದ. "ಟರ್ನರ್ ಟ್ರೇಡಿನವನು ಏನ್ ಮಾಡ್ತಾನಪ್ಪಾ?" ಅಂತ ಐಟಿಐ ಹುಡುಗನನ್ನು ಕೇಳುತ್ತೇನೆ. "ಲೇತ್ ಕೆಲಸ ಸರ್. ಮಷೀನಲ್ಲಿ ಜಾಬ್, ಅಂದ್ರೆ ಕಬ್ಬಿಣದ ತುಂಡು, ತಿರುಗ್ತಾ ಇರುತ್ತೆ, ಟೂಲ್ ಹಿಡಿದು ಕಟಿಂಗ್ ಕೊಡೋದು" ಅನ್ನುತ್ತಾನೆ. ಅಷ್ಟೇ ಸಾಕು. ಲ್ಯಾಟಿನ್ನಿನ 'ತೊರ್ನಾರೆ' ಅಂದರೂ ಅದೇ, ಲೇತ್‌ನಲ್ಲಿ ತಿರುಗಿಸಿ ರೂಪ ಕೊಡುವುದು. ಒರಟು ಕಬ್ಬಿಣದ ರಾಡ್ ಸುತ್ತುತ್ತಾ ಸುತ್ತುತ್ತಾ ನುಣ್ಣಗಾಗುವುದನ್ನು ಕಂಡವರಿಗೆ 'ದಿ ಮಿಲ್ಕ್ ಟರ್ನ್ಡ್ ಸೋರ್' ಬಿಡಿಸಿ ಹೇಳಬೇಕಿಲ್ಲ. ಹಾಲು ಹುಳಿಗೆ ತಿರುಗಿತು, ಮುಗೀತು.

ಹ್ಯಾಪನ್ ನನಗೆ ತುಂಬಾ ಉಪಯೋಗಕ್ಕೆ ಬಂದ ಪದ. ಇದರ ಬೇರು 'ಹ್ಯಾಪ್'. ಸ್ಕ್ಯಾಂಡಿನೇವಿಯಾದ ವೈಕಿಂಗರ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದು, ಅರ್ಥ ಅದೃಷ್ಟ. ಹ್ಯಾಪಿ, ಪರ್‌ಹ್ಯಾಪ್ಸ್, ಮಿಸ್‌ಹ್ಯಾಪ್ ಎಲ್ಲ ಇದರ ಬಳಗವೇ. ಹ್ಯಾಪಿ ಅಂದರೂ ಮೊದಲು ಅದೃಷ್ಟವಂತ ಅಂತಲೇ ಇತ್ತು. ನಮ್ಮ ಮಕ್ಕಳು 'ಆಕ್ಸಿಡೆಂಟ್ ವಾಸ್ ಹ್ಯಾಪನ್ಡ್' ಅಂತ ಬರೆಯುತ್ತಾರೆ ಅಲ್ವಾ? ಪ್ಯಾಸಿವ್ ವಾಯ್ಸ್ ರೂಲ್ ಎಷ್ಟು ಸಲ ಹೇಳಿದರೂ ಆ 'ವಾಸ್' ಹೋಗುವುದಿಲ್ಲ. "ಅದೃಷ್ಟದಿಂದ ಒದಗಿದ್ದನ್ನ ಯಾರು ಮಾಡಿದರು?" ಅಂತ ಕೇಳಿ. ಯಾರೂ ಇಲ್ಲ. ಮಾಡಿದವರೇ ಇಲ್ಲದ ಮೇಲೆ ಪ್ಯಾಸಿವ್ ಎಲ್ಲಿಂದ ಬರಬೇಕು! ಬಿಕಮ್ ಸುಲಭ. ಹಳೇ ಇಂಗ್ಲಿಷಿನಲ್ಲಿ ಅದು 'ಬಂದು ಸೇರು'. ಒಳಗೆ ಕಮ್ ಕೂತಿದೆ. ಹಾಗಾಗಿ ಕಮ್, ಕೇಮ್, ಕಮ್ ಗೊತ್ತಿದ್ದರೆ ಬಿಕಮ್, ಬಿಕೇಮ್, ಬಿಕಮ್ ಬಾಯಿಪಾಠ ಬೇಡ.

ನಿಜವಾದ ತಕರಾರು ಇರುವುದು 'ಬಿ' ಬಗ್ಗೆ. "ಆ್ಯಮ್, ವಾಸ್, ಬೀನ್, ಒಂದಕ್ಕೊಂದು ಸಂಬಂಧಾನೇ ಇಲ್ವಲ್ಲ ಸರ್" ಅಂತ ಒಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಇದು ಮೂರು ಮನೆಯವರು ಸೇರಿ ಒಂದಾದ ಸಂಸಾರ. ಆ್ಯಮ್, ಈಸ್ ಒಂದು ಬೇರಿನವು. ಸಂಸ್ಕೃತದ ಅಸ್ಮಿ, ಅಸ್ತಿ ಇವುಗಳ ಬಂಧುಗಳು. ನಮ್ಮ ಬಾಯಲ್ಲಿರುವ ನಾಸ್ತಿಕ, ಅಸ್ತಿತ್ವದಲ್ಲಿ ಇರುವುದೂ ಅದೇ. ಬಿ, ಬೀನ್ ಇನ್ನೊಂದು ಬೇರು. ಅದರ ಕಡೆಯವು ಭವ, ಭವಿಷ್ಯ. ವಾಸ್ ಮೂರನೆಯದು. ಅದಕ್ಕೆ ನೆಂಟ ಸಂಸ್ಕೃತದ 'ವಸತಿ', ಅಂದರೆ ವಾಸ ಮಾಡುತ್ತಾನೆ. ಕೇಳಿದವಳು ಇರುವುದು ವಿದ್ಯಾರ್ಥಿನಿಯರ ವಸತಿ ನಿಲಯದಲ್ಲೇ! ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಇರಬೇಕು ಅಂತ ಭಾಷಾ ವಿದ್ವಾಂಸ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಭಾಷಣ ಮಾಡಿದ್ದು 1786ರಲ್ಲಿ. ಇಂಗ್ಲಿಷೂ ಆ ವಂಶದ್ದೇ. ನಮ್ಮ ಇರು, ಆಗು, ಬಾಳು ಮಾತ್ರ ದ್ರಾವಿಡದವು, ಅವಕ್ಕೂ ಇವಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳಬೇಕು. ಇಲ್ಲದಿದ್ದರೆ ಮಾರನೇ ದಿನ ಎಲ್ಲ ಭಾಷೆಗೂ ಸಂಸ್ಕೃತವೇ ತಾಯಿ ಅಂತ ವಾದ ಶುರುವಾಗುತ್ತದೆ.

ಚೇಂಜ್ ಪದಕ್ಕೆ ಬಸ್ ಕಂಡಕ್ಟರ್ ಸಾಕು. ಅದರ ಲ್ಯಾಟಿನ್ ಮೂಲ ಕೊಟ್ಟು ತೆಗೆದುಕೊಳ್ಳುವ ವ್ಯವಹಾರದ್ದು. "ಚೇಂಜ್ ಇಲ್ಲ, ಇಳಿಯುವಾಗ ಇಸ್ಕೊಳ್ಳಿ" ಅನ್ನುವಾಗ ಹಳೇ ಅರ್ಥವೇ ಕೇಳುತ್ತದೆ.

ಆದರೆ ಮೂಲವೇ ಅರ್ಥ ಅಂದುಕೊಂಡರೆ ಕೆಟ್ಟೆವು. ಸ್ಟಾರ್ವ್ ಅಂದರೆ ಹಿಂದೆ ಬರೀ 'ಸಾಯು' ಅಂತ ಇತ್ತು, ಜರ್ಮನ್ನಿನಲ್ಲಿ ಅದರ ಜೊತೆಯ ಪದಕ್ಕೆ ಈಗಲೂ ಹಾಗೇ. ಇಂಗ್ಲಿಷಿನಲ್ಲಿ ಅದು ಹಸಿವಿಗೆ ಇಳಿದಿದೆ. ಮಧ್ಯಾಹ್ನ ಊಟ ತಪ್ಪಿಸಿಕೊಂಡ ಹುಡುಗ 'ಐ ಆ್ಯಮ್ ಸ್ಟಾರ್ವಿಂಗ್' ಅಂದರೆ ಮಂಡಕ್ಕಿ ಮಿರ್ಚಿ ಕೊಡಿಸಿದರೆ ಸಾಕು. ಇಂಥ ಪದಗಳಿಗೆ ಮೂಲ ಹೇಳಲು ಹೋಗುವುದಿಲ್ಲ, ಸುಮ್ನೆ ಗೊಂದಲ. ನಾಲ್ಕು ವಾಕ್ಯ ಬರೆಸುತ್ತೇನೆ.

ವಾಟ್ಸಾಪ್‌ನಲ್ಲಿ ಬರುವ ಪದಕಥೆಗಳನ್ನು ಬೋರ್ಡಿಗೆ ತರುವುದೇ ಇಲ್ಲ. ಅಕ್ಷರಕ್ಕೊಂದು ಪದ ಹೇಳಿ ಕಥೆ ಕಟ್ಟಿದ್ದರೆ ಬಹುಪಾಲು ಸುಳ್ಳೇ. ಪಾಠಕ್ಕೆ ಮುಂಚೆ ಪದಗಳ ಮೂಲ ಹೇಳುವ ವೆಬ್‌ಸೈಟ್ ಎಟಿಮ್‌ಆನ್‌ಲೈನ್‌ನಲ್ಲೋ ಆಕ್ಸ್‌ಫರ್ಡ್ ನಿಘಂಟಿನಲ್ಲೋ ನೋಡಿಕೊಳ್ಳುತ್ತೇನೆ. ಅಲ್ಲಿ 'ಮೂಲ ತಿಳಿಯದು' ಅಂತ ಇದ್ದರೆ ಮಕ್ಕಳಿಗೂ ಹಾಗೇ ಹೇಳಿ ಮುಂದಿನ ಪದಕ್ಕೆ ಹೋಗುತ್ತೇನೆ.